ಐಸ್ ಮೇಸ್ತ್ರಿಯ ಮಾತು

"ಆ ಪೆಟ್ಟಿಗೇನ ಇವತ್ತೇ ಕಿತ್ತು ಹಾಕ್ಬೇಕು," ಎಂದು ನಿಂಕೆ ಮತ್ತೊಮ್ಮೆ ಹೇಳಿದಳು. ಸ್ಕೇಟಿಂಗ್ ಕ್ಲಬ್ಬಿನ ಅಧ್ಯಕ್ಷ ಹಿಲ್ಕೆ ಬಟಾಣಿ ಸೂಪಿನಲ್ಲಿ ಸಾಸೇಜಿನ ಚೂರು ಹುಡುಕುತ್ತಿದ್ದವನು ತಲೆ ಎತ್ತಲಿಲ್ಲ.

ಪೆಟ್ಟಿಗೆ ಎಂದರೆ ಕ್ಲಬ್ಬಿನ ವೆಬ್‌ಸೈಟಿನಲ್ಲಿದ್ದ ಸಂದೇಶದ ಪೆಟ್ಟಿಗೆ. ಎಲ್ಲಿಯದೋ ಕಂಪನಿಯೊಂದು ಮಾಡಿ ಬಿಟ್ಟಿ ಹಂಚಿದ, ಯಾವ ಸೈಟಿಗಾದರೂ ಅಂಟಿಸಿಕೊಳ್ಳಬಹುದಾದ ಪ್ಲಗಿನ್. ಕಾಲುವೆ ಹೆಪ್ಪುಗಟ್ಟಿತೆಂದರೆ ಫ್ರಿಸ್ಲಾಂಡಿನ ಈ ಊರಿಗೆ ಊರೇ ಅಲ್ಲಿ ಬಂದು ಹರಟುತ್ತದೆ. ಅದೇ ಪುಟದ ತುದಿಯಲ್ಲಿ ದಪ್ಪ ಪಟ್ಟಿಯೊಂದಿದೆ: ಕೆಂಪಾದರೆ ಐಸು ಮುಚ್ಚಿದೆ, ಹಸಿರಾದರೆ ತೆರೆದಿದೆ. ಬಣ್ಣ ತೀರ್ಮಾನಿಸುವವನು ಐಸ್ ಮೇಸ್ತ್ರಿ ಗೊಸ್ಸೆ. ಹಾಲಿನ ಲಾರಿ ಓಡಿಸಿ ನಿವೃತ್ತನಾದ ಈ ಮನುಷ್ಯ ಬೆಳಿಗ್ಗೆ ಕಾಲುವೆಯ ಮೇಲೆ ತೂತು ಕೊರೆದು, ಐಸಿನ ದಪ್ಪ ಅಳೆದು, ಫೋನಿನಲ್ಲಿ ನಿಂಕೆಗೆ ಒಂದೇ ಮಾತು ಹೇಳುತ್ತಾನೆ. ಆ ಮಾತನ್ನು ಇಲ್ಲಿ ಯಾರೂ ಪ್ರಶ್ನಿಸಿದವರಲ್ಲ. ಅವನು ಮುಚ್ಚಿದೆ ಎಂದರೆ ಮೇಯರ್ ಕೂಡ ಗೇಟಿನ ಹೊರಗೆ ಕೈ ಉಜ್ಜಿಕೊಂಡು ನಿಲ್ಲಬೇಕು. ಗೊಸ್ಸೆಗೆ ಇರುವ ಆಸ್ತಿ ಅದೊಂದೇ.

ನಿಂಕೆ ಹತ್ತಿರದ ನಗರ ಲೀವಾರ್ಡನ್ನಿನ ಕಚೇರಿಯೊಂದರಲ್ಲಿ ಕಂಪ್ಯೂಟರುಗಳ ಸುರಕ್ಷತೆ ನೋಡಿಕೊಳ್ಳುವವಳು. ಕ್ಲಬ್ಬಿನ ಸೈಟು ಅವಳ ಬಿಡುವಿನ ಕೆಲಸ.

"ಬಂದಿದ್ದು ಮಾತೋ ಅಪ್ಪಣೆಯೋ ಅಂತ ಅದಕ್ಕೆ ಗೊತ್ತಾಗಲ್ಲ," ಎಂದಳು. "ಯಾರಾದ್ರೂ ಸಂದೇಶದ ಜೊತೆ ಒಂದು ಸಾಲು ಕೋಡ್ ಬರೆದು ಬಿಟ್ರೆ ಸಾಕು, ಪುಟ ತೆರೆದವರ ಫೋನೆಲ್ಲ ಅದು ಹೇಳಿದ ಹಾಗೆ ಕುಣಿಯುತ್ತೆ. ತೋರಿಸ್ತೀನಿ, ನಿಮ್ಮ ಫೋನ್ ತೆಗೀರಿ."

ಅವಳು ಏನನ್ನೋ ಬರೆದಳು. ಹಿಲ್ಕೆ ಪುಟ ತೆರೆದ. ಕೆಂಪು ಪಟ್ಟಿಯಿದ್ದ ಜಾಗದಲ್ಲಿ 'ಇವತ್ತು ಎಲ್ಲರಿಗೂ ಸೂಪು ಹಿಲ್ಕೆಯ ಖರ್ಚಿನಲ್ಲಿ' ಎಂದಿತ್ತು.

"ಸುಳ್ಳು ಅಂತ ನೋಡಿದ ಕೂಡ್ಲೇ ಗೊತ್ತಾಗುತ್ತಲ್ಲ," ಎಂದಳು ಕಾರ್ಯದರ್ಶಿ ಔಕ್ಯೆ. ಮೇಜಿನ ಸುತ್ತ ನಗೆ ಎದ್ದಿತು. ಹಿಲ್ಕೆಯೂ ನಕ್ಕ. "ನಮ್ಮೂರಲ್ಲಿ ಅಂಥ ಕೆಲಸ ಮಾಡೋರು ಯಾರಿದ್ದಾರೆ ಮಾರಾಯ್ತಿ? ಎಲ್ಲ ಗುರುತಿನವರೇ."

ಇಂಟರ್ನೆಟ್ಟಿಗೂ ಊರಿನ ಗಡಿಕಲ್ಲು ಇರುತ್ತದೆಂದು ನಂಬಿದ ಪುಣ್ಯಾತ್ಮರು! ಕಂಪನಿಯವರು ಇವರನ್ನೂ ಮೀರಿಸಿದ್ದರು. ನಿಂಕೆ ಅವರಿಗೆ ಚಳಿಗಾಲಕ್ಕೆ ಮೊದಲೇ ತಿಳಿಸಿದ್ದಳು. 'ನಿಮ್ಮ ಕಾಳಜಿಗೆ ವಂದನೆ, ವಸಂತದ ಆವೃತ್ತಿಯಲ್ಲಿ ಸರಿಪಡಿಸುತ್ತೇವೆ' ಎಂದು ಉತ್ತರ ಬಂದಿತ್ತು. ವಸಂತದಲ್ಲಂತೆ. ಐಸು ಕರಗಿ ಬಾತುಕೋಳಿಗಳು ಈಜುವ ಹೊತ್ತಿಗೆ.

ಸಮಿತಿ ವಿಷಯವನ್ನು ಮತಕ್ಕೆ ಹಾಕಿತು. ಇಲ್ಲಿ ಬಾಗಿಲಿನ ಬಣ್ಣವನ್ನೂ ಮತಕ್ಕೆ ಹಾಕುತ್ತಾರೆ. ನಿಂಕೆಯೊಬ್ಬಳನ್ನು ಬಿಟ್ಟು ಎಲ್ಲರೂ ಪೆಟ್ಟಿಗೆ ಇರಲಿ ಎಂದು ಕೈ ಎತ್ತಿದರು. ಕೈ ಎತ್ತಿದರೆ ಪೆಟ್ಟಿಗೆಯ ತೂತು ಮುಚ್ಚುತ್ತದೆಯೇ? ಆದರೂ ನಿಂಕೆ ಬಹುಮತಕ್ಕೆ ತಲೆಬಾಗಿದಳು. ಈ ಊರಿನ ಮಕ್ಕಳನ್ನು ಬೆಳೆಸುವುದೇ ಹಾಗೆ.

ಶನಿವಾರ ಬೆಳಿಗ್ಗೆ ಗೊಸ್ಸೆ ಫೋನು ಮಾಡಿ, "ಮುಚ್ಚಿದೆ. ಸೇತುವೆ ಕೆಳಗೆ ತೀರಾ ತೆಳು," ಎಂದ. ನಿಂಕೆ ಕೆಂಪು ಹಾಕಿದಳು. ಅವಳು ಕಾಫಿ ಮುಗಿಸುವಷ್ಟರಲ್ಲಿ ಪಟ್ಟಿ ಹಸಿರಾಗಿತ್ತು. ಯಾರೋ ಗುರುತಿಲ್ಲದ ಹೆಸರಿನವರು 'ಎಂಥ ಚೆಂದದ ಐಸು' ಎಂದು ಪೆಟ್ಟಿಗೆಯಲ್ಲಿ ಬರೆದು, ಅದರ ಬಾಲಕ್ಕೆ ಒಂದು ಸಾಲು ಕೋಡ್ ಅಂಟಿಸಿದ್ದರು.

ಗೇಟಿನ ಮುಂದೆ ಗೊಸ್ಸೆ ಎರಡೂ ಕೈ ಚಾಚಿ ನಿಂತಿದ್ದ. ಎದುರಿಗೆ ಸ್ಕೇಟು ಹೆಗಲಿಗೇರಿಸಿದ ಜನ.

"ಸೈಟಲ್ಲಿ ಹಸಿರು ಅಂತಿದೆಯಲ್ಲ ಗೊಸ್ಸೆ."

"ತೂತು ಕೊರೆದಿದ್ದು ನಾನು. ಸೈಟಲ್ಲ."

ಅಷ್ಟರಲ್ಲಿ ಔಕ್ಯೆ ಹಸಿರು ಪಟ್ಟಿ ನೋಡಿ ತನ್ನ ಹಿತ್ತಿಲಿನಿಂದಲೇ ಕಾಲುವೆಗೆ ಇಳಿದಾಗಿತ್ತು. ಸೇತುವೆಯ ಕೆಳಗೆ ಐಸು ಬಿರಿದು ಅವಳು ಕುತ್ತಿಗೆಯವರೆಗೆ ಮುಳುಗಿದಳು. ಗೊಸ್ಸೆಯೇ ಏಣಿ ಹಾಸಿ, ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ಎಳೆದು ತಂದ. ಅವಳ ತುಟಿ ನೀಲಿಯಾಗಿತ್ತು. ಜೀವ ಉಳಿಯಿತು.

ಸಂಜೆ ಸಮಿತಿ ಸೇರಿತು. ಹಿಲ್ಕೆ ನಿಂಕೆಗೆ ಪ್ರಕಟಣೆ ಹೇಳಿ ಬರೆಸತೊಡಗಿದ. "'ಐಸ್ ಮೇಸ್ತ್ರಿಯ ಕಡೆಯಿಂದ ತಪ್ಪು ಮಾಹಿತಿ ಬಂದಿತ್ತು.' ಹಾಗಂತ ಹಾಕು."

"ಯಾರ ಕಡೆಯಿಂದ?"

"ಅವನಿಗೂ ವಯಸ್ಸಾಯ್ತು, ಜನ ಅರ್ಥ ಮಾಡ್ಕೋತಾರೆ. ಪ್ಲಗಿನ್ನು ಗಿಗಿನ್ನು ಅಂದ್ರೆ ಯಾರಿಗೆ ತಿಳಿಯುತ್ತೆ?"

ನಿಂಕೆಗೆ ಮೈಯೆಲ್ಲ ಉರಿದುಹೋಯಿತು. ಉರಿಯದೆ ಏನು? ಮುಳುಗುವವಳನ್ನು ಎತ್ತಿದ ಕೈಗೇ ಮಸಿ ಬಳಿಯಲು ಹೊರಟಿದ್ದರು.

"ಅವನು ಮುಚ್ಚಿದೆ ಅಂದ. ನಾನು ಕೆಂಪು ಹಾಕಿದೆ. ಕೈ ಎತ್ತಿದವರು ನೀವು," ಎಂದಳು. ಎಲ್ಲರೂ ನೋಡುತ್ತಿದ್ದಂತೆ ಪೆಟ್ಟಿಗೆಯನ್ನು ಸೈಟಿನಿಂದ ಕಿತ್ತು ಹಾಕಿದಳು. ಆ ಜಾಗದಲ್ಲಿ ನಡೆದದ್ದನ್ನೆಲ್ಲ ಬರೆದಳು: ಗೊಸ್ಸೆ ಹೇಳಿದ್ದು, ಕಂಪನಿಗೆ ಮೊದಲೇ ಗೊತ್ತಿದ್ದದ್ದು, ಯಾರು ಯಾರು ಕೈ ಎತ್ತಿದ್ದರು ಎಂಬುದು, ಬಹುಮತವೆಂದು ತಾನು ಸುಮ್ಮನಾದದ್ದು.

"ಇದನ್ನ ಮತಕ್ಕೆ ಹಾಕ್ಬೇಕಿತ್ತು," ಎಂದ ಹಿಲ್ಕೆ.

"ಈಗ ಹಾಕಿ," ಎಂದು ಅವಳು ಕೋಟು ತೊಟ್ಟುಕೊಂಡಳು.

ಊರೆಲ್ಲ ಅದನ್ನು ಓದಿತು. ಗೊಸ್ಸೆಯ ಬೆನ್ನು ತಟ್ಟಿದವರೂ ಇದ್ದರು. ಮುಂದಿನ ವಾರ ಚಳಿ ಬಿಗಿಯಿತು. ಗೊಸ್ಸೆ ತೂತು ಕೊರೆದು, ಎಂದೂ ಇಲ್ಲದವನು ಎರಡು ಸಲ ಅಳೆದ. ಗೇಟು ತೆಗೆದು, "ತೆರೆದಿದೆ," ಎಂದ.

ಬೇರೆ ವರ್ಷವಾಗಿದ್ದರೆ ಜನ ಅವನನ್ನು ತಳ್ಳಿಕೊಂಡೇ ನುಗ್ಗುತ್ತಿದ್ದರು. ಈಗ ಯಾರೂ ಕದಲಲಿಲ್ಲ.

"ನಿಜವಾಗ್ಲೂನಾ ಗೊಸ್ಸೆ?" ಎಂದು ಮುಂದೆ ನಿಂತವನು ಮರ್ಯಾದೆಯಿಂದಲೇ ಕೇಳಿದ.

ಗೊಸ್ಸೆ ಐಸಿನ ಮೇಲೆ ಒಬ್ಬನೇ ಸೇತುವೆಯವರೆಗೆ ನಡೆದುಹೋದ. ಅದರ ಕೆಳಗೆ ನಿಂತು ಎಲ್ಲರ ಕಡೆ ತಿರುಗಿ, ಆ ದಪ್ಪ ಬೂಟುಗಳಲ್ಲಿ ಒಮ್ಮೆ ಕುಪ್ಪಳಿಸಿದ. ಜನ ಇನ್ನೂ ನೋಡುತ್ತಲೇ ಇದ್ದರು. ಮತ್ತೊಮ್ಮೆ ಕುಪ್ಪಳಿಸಿದ.