ಸಾಕ್ಷಿಗೆ ಒಂದು ಗೊರಸು

ನಮ್ಮ ಕುದುರೆ ಪಡೆಯಲ್ಲಿ ಒಂದು ಕಾನೂನಿತ್ತು. ಕುದುರೆ ಸತ್ತರೆ ಅದರ ಮುಂದಿನ ಎಡಗಾಲಿನ ಗೊರಸು ಕಡಿದು ತರಬೇಕು. ಅದರ ಮೇಲೆ ಕಾದ ಕಬ್ಬಿಣದಲ್ಲಿ ಸುಟ್ಟ ನಂಬರಿರುತ್ತೆ. ತೋರಿಸದಿದ್ದರೆ ಕುದುರೆ ಮಾರಿಕೊಂಡ, ಇಲ್ಲ ಬಿಟ್ಟು ಓಡಿದ ಅಂತಲೇ ಅರ್ಥ. ಕಂಬಕ್ಕೆ ಕಟ್ಟಿ ನಲವತ್ತು ಚಾಟಿ ಏಟು. ಅದಕ್ಕೇ ಪ್ರತಿ ಸವಾರನ ಜೀನಿಗೂ ಒಂದು ಕೈಗೊಡಲಿ. ಯಾವ ಪುಣ್ಯಾತ್ಮ ಈ ಕಾನೂನು ಮಾಡಿದನೋ, ಅವನ ಮನೆ ಹಾಳಾಗ.

ನನ್ನ ಹೆಂಡತಿಯ ತಮ್ಮನೂ ನನ್ನ ತುಕಡಿಯಲ್ಲೇ ಇದ್ದ. ಹೊರಡುವ ದಿನ ಅವಳು ನನ್ನ ತೋಳು ಹಿಡಿದು, "ನೀವು ಬರದಿದ್ರೆ ಹೇಗೋ ಬದುಕ್ತೀನಿ. ಅವನನ್ನ ಮಾತ್ರ ಕರ್ಕೊಂಡು ಬನ್ನಿ" ಅಂದಳು. ಕಟ್ಟಿಕೊಂಡ ಗಂಡನಿಗೆ ಹೇಳುವ ಮಾತೇ ಅದು? ಆದರೂ ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು, ಹೂಂ ಅಂದೆ. ಮೂರು ವರ್ಷ ಇಬ್ಬರೂ ಒಟ್ಟಿಗೆ ಲದ್ದಿ ಬಾಚಿದೆವು, ಒಂದೇ ಕಂಬಳಿ ಹೊದ್ದೆವು. ನನ್ನ ಗೊರಕೆಗೆ ಕುದುರೆಗಳೇ ಬೆಚ್ಚಿಬೀಳುತ್ತವೆ ಅಂತ ಇಡೀ ಲಾಯಕ್ಕೆ ಸಾರಿಕೊಂಡು ತಿರುಗುತ್ತಿದ್ದ, ಕೋತಿ.

ಹಿಂದೆ ಸರಿಯಿರಿ ಅಂತ ಕಹಳೆ ಊದಿದ ದಿನ ನಾವಿಬ್ಬರೇ ಕೊನೆಯಲ್ಲಿದ್ದೆವು. ಗುಂಡು ತಗುಲಿ ಅವನ ಕುದುರೆ ಉರುಳಿತು, ಬಲಗಾಲು ಅದರ ಹೊಟ್ಟೆಯಡಿ ಸಿಕ್ಕಿತು. ಕುದುರೆ ಸತ್ತಿತ್ತು. ಅವನಿಗೆ ಬೇರೆಲ್ಲೂ ಒಂದು ಗೀರೂ ಆಗಿರಲಿಲ್ಲ. ಮಣ್ಣು ಮೆತ್ತಗಿತ್ತು, ಕೊಡಲಿಯಿಂದ ಕೆದಕಿದ್ದರೆ ಕಾಲು ಬರುತ್ತಿತ್ತು. ಅದು ನನಗೆ ಆಗಲೂ ಗೊತ್ತಿತ್ತು.

"ಭಾವ, ಮೊದ್ಲು ನನ್ನ ಕಾಲು ಬಿಡಿಸಿ" ಅಂದ.

ಹಿಂದಿನ ತಿಂಗಳಷ್ಟೇ ಗೊರಸಿಲ್ಲದೆ ಬಂದವನೊಬ್ಬನ ಬೆನ್ನು ನೋಡಿದ್ದೆ. ಮೂರನೇ ದಿನ ಸತ್ತ ಅವನು. ಶತ್ರುಗಳು ಇನ್ನೂ ಮಾವಿನ ತೋಪಿನ ಆಚೆ ಇದ್ದರು, ಎರಡಕ್ಕೂ ಹೊತ್ತಿದೆ ಅಂದುಕೊಂಡೆ. ಸುಮ್ಮನಿರೋ, ನಾಳೆ ಚಾಟಿ ಏಟು ತಿನ್ನೋನು ನೀನೇ ಅಂತ ಗದರಿ ಗೊರಸಿಗೆ ಕೈಹಾಕಿದೆ. ಕುದುರೆಯ ಕೀಲು ಕಡಿಯುವುದು ಹುಡುಗಾಟವಲ್ಲ. ಮೊಂಡು ಕೊಡಲಿ ಮೂಳೆಯ ಮೇಲೆ ಜಾರುತ್ತಿತ್ತು. ಅವನು ಅತ್ತ ಉಗುರಿನಿಂದ ತಾನೇ ಮಣ್ಣು ಕೆರೆಯುತ್ತಿದ್ದ. ಗೊರಸು ಕೈಗೆ ಬರುವುದಕ್ಕೂ ಶತ್ರು ಸವಾರರು ತೋಪು ದಾಟುವುದಕ್ಕೂ ಸರಿಹೋಯಿತು. ಗೊರಸನ್ನು ಚೀಲಕ್ಕೆ ಹಾಕಿ ನನ್ನ ಕುದುರೆ ಹತ್ತಿದೆ. ಭಾವ ಅಂತ ಅವನು ಎರಡು ಸಲ ಕೂಗಿದ. ತಿರುಗಿ ನೋಡಿದಾಗ ನಾಲ್ಕು ಜನ ಸುತ್ತ ನಿಂತು ಭರ್ಜಿಯಿಂದ ಚುಚ್ಚುತ್ತಿದ್ದರು. ಅವರಿಗೇನೂ ಅವಸರವಿರಲಿಲ್ಲ.

ಠಾಣ್ಯದ ಗುಮಾಸ್ತ ಗೊರಸನ್ನು ಒರೆಸಿ, ನಂಬರು ನೋಡಿ, ಕುದುರೆ ಸತ್ತಿದೆ ಅಂತ ಬರೆದುಕೊಂಡ. ಸವಾರನೂ ಸತ್ತ ಅಂದೆ.

"ಕುದುರೆಗೆ ಗೊರಸು ತಂದೆ. ಮನುಷ್ಯನಿಗೆ ಏನು ತಂದೆ?" ಅಂತ ಕೇಳಿದ.

ಅವನು ನನ್ನ ಭಾಮೈದನ ಹೆಸರಿನ ಮುಂದೆ ಪರಾರಿ ಅಂತ ಬರೆದು, ಹಾಳೆ ಮಗುಚಿದ.

ಯುದ್ಧ ಮುಗಿದು ಮನೆಗೆ ಬಂದೆ. ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ನೋಡಿದಳು. ಒಳಗೆ ಕೂತು ಎಲ್ಲಾ ಹೇಳಿದೆ.

"ಕೊಡಲಿ ನಿಮ್ಮ ಕೈಲೇ ಇತ್ತಲ್ಲ, ಮೊದ್ಲು ಮಣ್ಣು ಯಾಕೆ ತೆಗೀಲಿಲ್ಲ?"

"ಅವನೇ ಅಂದ, ಗೊರಸು ಮೊದ್ಲು ಭಾವ, ಏಟು ತಿನ್ನೋಕಾಗಲ್ಲ ಅಂತ."

ಅವಳು ತನ್ನ ಅಂಗೈ ನೋಡಿಕೊಂಡಳು.

"ಹೌದು, ಏಟು ಅಂದ್ರೆ ಚಿಕ್ಕಂದಿನಿಂದ್ಲೂ ಹೆದರ್ತಿದ್ದ. ನಾನೇ ಹೊಡೆದು ಹೊಡೆದು ಹಾಗೆ ಮಾಡಿಬಿಟ್ಟೆ" ಅಂದಳು.

ಆಮೇಲೆ ಅವಳು ಕಣ್ಣೊರೆಸಿಕೊಂಡು ಎದ್ದು, ದಣಿದು ಬಂದಿದ್ದೀರಿ ಅಂತ ಊಟ ಬಡಿಸಿದಳು. ಉಂಡೆ.