ಹಗ್ಗ ಬಿಡುವ ವಿದ್ಯೆ

ಕೊಟ್ರವ್ವ ಮೂರನೇ ಸಲ ದೋಣಿ ನಡೆಸುವ ಪರೀಕ್ಷೆಗೆ ಬರುತ್ತಾಳೆಂದು ಗೊತ್ತಾದ ಕೂಡಲೇ ವಿಜಯಕುಮಾರ್ ದೋಣಿಕಟ್ಟೆಯ ಅಂಚಿಗೆ ಎರಡು ಹಳೇ ಟ್ರ್ಯಾಕ್ಟರ್ ಟೈರು ಕಟ್ಟಿಸಿದರು. ಮನುಷ್ಯ ಒಳ್ಳೆಯವರೇ. ಆದರೆ ಹಿಂದಿನ ಎರಡು ಸಲವೂ ಕೊಟ್ರವ್ವ ದೋಣಿಯನ್ನು ತಂದು ಕಟ್ಟೆಗೆ ಗುದ್ದಿದ್ದಳು. ಎರಡನೇ ಸಲವಂತೂ ದೋಣಿಯ ಮೂತಿ ಸೀಳಿ, ಅದು ಹದಿನೈದು ದಿನ ದಂಡೆಯ ಮೇಲೆ ಬೋರಲು ಬಿದ್ದಿತ್ತು.

ಆ ಪುಟ್ಟ ಹಾಯಿದೋಣಿ ನಾಲ್ಕು ಮನೆಗಳಿಗೆ ಸೇರಿದ್ದು. ದಾವಣಗೆರೆಯ ವಿಜಯಕುಮಾರ್, ಹರಿಹರದ ಇಬ್ಬರು, ಮತ್ತು ಕೊಟ್ರವ್ವನ ಗಂಡ, ಕಡರನಾಯಕನಹಳ್ಳಿಯ ಭತ್ತದ ರೈತ ಮಲ್ಲೇಶಪ್ಪ. ಭಾನುವಾರಕ್ಕೊಂದು ಮನೆಯ ಪಾಳಿ. ಪ್ರತಿ ಮನೆಯಲ್ಲೂ ಒಬ್ಬರಾದರೂ ನೂರ್ಜಹಾನಳ ಪರೀಕ್ಷೆಯಲ್ಲಿ ಗೆಲ್ಲಬೇಕು. ಇಲ್ಲದಿದ್ದರೆ ಪಾಳಿ ಬಂದರೂ ದೋಣಿಯ ಬೀಗದ ಕೈ ಸಿಗುವುದಿಲ್ಲ. ನೂರ್ಜಹಾನ್ ಕಾರವಾರದಲ್ಲಿ ಹಾಯಿ ಕಲಿತು ಬಂದ ಹರಿಹರದ ಹುಡುಗಿ. ಆ ಕಟ್ಟೆಯ ಮೇಲೆ ಅವಳು ಹೇಳಿದ್ದೇ ವೇದವಾಕ್ಯ.

ಚುಕ್ಕಾಣಿ ಹಿಡಿಯುವವನು ತಾನೇ ಎಂದು ಮಲ್ಲೇಶಪ್ಪ ಮೊದಮೊದಲು ಊರೆಲ್ಲ ಡಂಗುರ ಹೊಡೆದಿದ್ದ. ಈಜಿನ ಪರೀಕ್ಷೆಯ ದಿನ ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದವನು, ನೆಗಡಿಯಾಗಿದೆ ಎಂದು ಮೇಲೆ ಬಂದ. ಆ ನೆಗಡಿ ಇನ್ನೂ ವಾಸಿಯಾಗಿಲ್ಲ. ಈಜು ಬರುತ್ತಿದ್ದುದು ಹೊಳೆದಂಡೆಯಲ್ಲಿ ಹುಟ್ಟಿ ಬೆಳೆದ ಅವನ ಹೆಂಡತಿಗೆ.

ಹೀಗೆ ಬಂದ ಭಾಗ್ಯವನ್ನು ಕೊಟ್ರವ್ವ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹೊಲದಲ್ಲಿ ಎತ್ತು ಹೊಡೆದು ದುಡಿದವಳು ಅವಳು. ಆದರೆ ದಾರಿಗೆ ಇಳಿದರೆ, ಗಾಡಿಯಾಗಲಿ, ಬೈಕಾಗಲಿ, ಟ್ರ್ಯಾಕ್ಟರಾಗಲಿ, ಮುಂದೆ ಮಲ್ಲೇಶಪ್ಪ, ಹಿಂದೆ ಅವಳು. ಮೂವತ್ತೈದು ವರ್ಷ ಹಾಗೇ ಕಳೆದಿತ್ತು. ಸಾಯುವುದರೊಳಗೆ ಒಂದನ್ನಾದರೂ ತಾನು ನಡೆಸಬೇಕೆಂಬ ಆಸೆ ಅವಳ ಹೊಟ್ಟೆಯೊಳಗೇ ಇತ್ತು. ಪರೀಕ್ಷೆಗೆ ಮೂರೇ ಅವಕಾಶ. ಇದೂ ಕೈತಪ್ಪಿದರೆ, ಬೇರೆಯವರು ನಡೆಸುವಾಗ ಜೊತೆಗೆ ಕೂತು ಬರುವುದಷ್ಟೇ.

ಗಾಳಿಯ ವಿಷಯದಲ್ಲಿ ಅವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಗಾಳಿ ಬಂದಾಗ ತೂರಿಕೋ ಎಂಬುದು ಉಳಿದವರಿಗೆ ಗಾದೆ; ಅವಳು ಕಣದಲ್ಲಿ ನಿಂತು ಭತ್ತ ತೂರಿದವಳು. ತೊಡಕಿದ್ದುದು ವಾಪಸು ಬರುವಾಗ. ಕಟ್ಟೆ ಹತ್ತಿರವಾಗುತ್ತಲೇ ನಿಲ್ಲಿಸಬೇಕೆಂದು ಹಾಯಿಯ ಹಗ್ಗವನ್ನು ಎಳೆದುಬಿಡುತ್ತಿದ್ದಳು. ಎತ್ತಾಗಿದ್ದರೆ ನಿಲ್ಲುತ್ತಿತ್ತು. ಹಾಯಿ ಬಿಗಿಯಾದರೆ ದೋಣಿ ಇನ್ನಷ್ಟು ಓಡುತ್ತದೆ.

"ಎಳದ್ರ ಓಡತೈತೆ, ಬಿಟ್ರ ನಿಲ್ಲತೈತೆ ಅವ್ವಾ," ಎಂದು ನೂರ್ಜಹಾನ್ ಹೇಳಿ ಹೇಳಿ ಸೋತಿದ್ದಳು. ಕಿವಿಗೆ ಅದು ತಿಳಿದಿತ್ತು. ತಿಳಿಯದೇ ಇದ್ದುದು ಕೈಗೆ.

ಸಂಕ್ರಾಂತಿ ಕಳೆದ ಮೊದಲ ಭಾನುವಾರ ಬೆಳಿಗ್ಗೆ ಕೊಟ್ರವ್ವ, ಮಲ್ಲೇಶಪ್ಪ, ನೂರ್ಜಹಾನ್ ಮೂವರೂ ದೋಣಿ ಹತ್ತಿದರು. ಪರೀಕ್ಷೆ ಮಾಡುವ ನೂರ್ಜಹಾನ್ ಬಾಯಿ ಬಿಡುವಂತಿರಲಿಲ್ಲ. ಕೊಟ್ರವ್ವ ಆಕಾಶ ನೋಡಿದಳು, ಹಗ್ಗಗಳನ್ನು ಒಂದೊಂದಾಗಿ ಜಗ್ಗಿ ನೋಡಿದಳು, ಗಂಡನ ಲೈಫ್ ಜಾಕೆಟ್ಟಿನ ಪಟ್ಟಿ ಸಡಿಲವಾಗಿದ್ದುದನ್ನು ಕಂಡು ಅವನ ಹೊಟ್ಟೆ ಒಳಗೆ ಹೋಗುವಂತೆ ಬಿಗಿದಳು. ಆಮೇಲೆ ಹೊರಟೇಬಿಟ್ಟರು.

ಆಹಾ, ಆ ಅರ್ಧ ಗಂಟೆ! ಇಂಜಿನ್ನಿನ ಸದ್ದಿಲ್ಲ, ಹೊಗೆಯಿಲ್ಲ. ತುಂಗಭದ್ರೆಯ ಮೇಲೆ ಬೆಳ್ಳಕ್ಕಿಗಳ ಸರಿಸಮಕ್ಕೆ ಹೋಗುತ್ತಿದ್ದರೆ ಕೊಟ್ರವ್ವನಿಗೆ ನಗು ತಡೆಯಲಾಗಲಿಲ್ಲ. ಇದೇ ಕೊನೆಯ ಸಲವಾದರೂ ಆಗಲಿ, ಇಷ್ಟಾದರೂ ಸಿಕ್ಕಿತಲ್ಲ ಎಂದುಕೊಂಡಳು. ಮರುಗಳಿಗೆಯೇ ಅದು ಸುಳ್ಳೆನಿಸಿತು. ಇಷ್ಟು ಸಾಲದು, ಇನ್ನೂ ಬೇಕು.

ವಾಪಸು ತಿರುಗಿ, ಕಲಿತಂತೆ ದೋಣಿಯ ಮೂತಿಯನ್ನು ಗಾಳಿಗೆ ಓರೆಯಾಗಿ ಎದುರು ಮಾಡಿದಳು. ಕಟ್ಟೆ ಎದುರಿಗೇ ಬಂತು. ಟೈರುಗಳ ಪಕ್ಕದಲ್ಲಿ ವಿಜಯಕುಮಾರ್ ಕಣ್ಣು ಮುಚ್ಚಿಕೊಂಡು ನಿಂತಿದ್ದರು.

"ಎಳಿಯೇ, ಹಗ್ಗ ಎಳಿ, ಗುದ್ದತೈತೆ," ಎಂದ ಮಲ್ಲೇಶಪ್ಪ.

ಅವಳ ಮುಷ್ಟಿಯೂ ಅದನ್ನೇ ಹೇಳುತ್ತಿತ್ತು. ಆಗ, ಯಾಕೋ ಏನೋ, ಹಿಂದೆ ಮನೆಯಲ್ಲಿದ್ದ ಕೆಂದೆತ್ತು ನೆನಪಾಯಿತು. ಸಂಜೆ ಹೊಲದಿಂದ ಬರುವಾಗ ಅದರ ಹಗ್ಗವನ್ನು ಯಾರೂ ಹಿಡಿಯುತ್ತಿರಲಿಲ್ಲ. ತಾನಾಗಿ ನಡೆದು ಬಂದು ಗೋದಲಿಯ ಮುಂದೆ ನಿಲ್ಲುತ್ತಿತ್ತು.

"ಸುಮ್ನ ಕೂಡ್ರಿ," ಎಂದಳು ಗಂಡನಿಗೆ. "ಮನಿಗೆ ಬಂದೈತೆ. ತಾನೇ ನಿಲ್ಲತೈತೆ."

ಮುಷ್ಟಿ ಬಿಚ್ಚಿದಳು. ಹಗ್ಗ ಸರ್ರನೆ ಜಾರಿತು, ಹಾಯಿ ಒಗೆದು ಹರವಿದ ಸೀರೆಯಂತೆ ಪಟಪಟ ಬಡಿದುಕೊಂಡಿತು. ದೋಣಿ ನಿಧಾನವಾಗಿ ಬಂದು ಟೈರಿಗೆ ಗೇಣು ದೂರದಲ್ಲಿ ನಿಂತಿತು. ಗುದ್ದಿದ ಸದ್ದು ಕೇಳಲಿಲ್ಲವೆಂದು ವಿಜಯಕುಮಾರ್ ಒಂದು ಕಣ್ಣು ತೆರೆದು ನೋಡಿದರು. ನೂರ್ಜಹಾನ್ ಜೇಬಿನಿಂದ ಬೀಗದ ಕೈ ತೆಗೆದು ಕೊಟ್ರವ್ವನ ಅಂಗೈಯಲ್ಲಿಟ್ಟಳು.

ಮುಂದಿನ ಭಾನುವಾರ ಅವರ ಮನೆಯ ಪಾಳಿ. ಮಲ್ಲೇಶಪ್ಪ ಹೇಳಿಸಿಕೊಳ್ಳದೆ ಜಾಕೆಟ್ ಹಾಕಿ, ಪಟ್ಟಿ ಬಿಗಿದುಕೊಂಡು ಬಂದ. ಬಂದವನು ಏರದೆ ಕಟ್ಟೆಯ ಮೇಲೆಯೇ ನಿಂತ.

"ನಾ ಎಲ್ಲಿ ಕೂಡ್ಲಿ?" ಎಂದು ಕೇಳಿದ.

ಮೂವತ್ತೈದು ವರ್ಷದಲ್ಲಿ ಅವನು ಕೇಳಿರದ ಮಾತು ಅದು.

"ಮುಂದನ ಕೂಡ್ರಿ. ಯಾವಾಗ್ಲೂ ನಿಮ್ಮ ಜಾಗ ಅದೇ ಅಲ್ಲೇನು," ಎಂದಳು.

ಅವನು ಮುಂದೆ ಹೋಗಿ ಕೂತ. ಕೊಟ್ರವ್ವ ಎಂದಿನಂತೆ ಹಿಂದೆ ಕೂತು, ಅಲ್ಲಿದ್ದ ಚುಕ್ಕಾಣಿ ಹಿಡಿದಳು.