ಹೊಡೆಯದ ಕೈ

ಬಸುರಿ ಮಗಳ ತೋಳಿನ ಮೇಲೆ ಸೊಳ್ಳೆ ಕೂತದ್ದನ್ನು ಕಂಡು ಸೊಳ್ಳೆ ಮೇಷ್ಟ್ರು ಕೈ ಎತ್ತಲಿಲ್ಲ. ಜೇಬಿಗೆ ಕೈ ಹಾಕಿದರು.

ಸರ್ಕಾರಿ ಪ್ರಯೋಗಾಲಯದಲ್ಲಿ ಸೊಳ್ಳೆಗಳ ಜಾತಿ ಗುರುತಿಸುತ್ತ ಅವರ ತಲೆ ನರೆತಿತ್ತು; ಆ ಹೆಸರು ಬಂದದ್ದೂ ಹಾಗೆಯೇ. ಹೊಡೆದ ಸೊಳ್ಳೆ ಅವರ ಪಾಲಿಗೆ ಬರೀ ಮಸಿ. ಕಾಲು ಮುರಿದು ರೆಕ್ಕೆಯ ಹುಡಿ ಉದುರಿಹೋದರೆ ಯಾವುದೆಂದು ಹೇಳುವುದು ಹೇಗೆ? ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಅವರದು ಒಂದೇ ಪಾಠ: "ಹೊಡೀಬೇಡಿ. ಅದರ ಹೊಟ್ಟೆ ತುಂಬಲಿ. ಆಮೇಲೆ ದೂರ ಹಾರೋಕಾಗಲ್ಲ."

ಈಗಲೂ ಹಾಗೆಯೇ ಕಾದರು. ಮುಸ್ಸಂಜೆಯ ಬೆಳಕು ಕಿಟಕಿಯಲ್ಲಿ ಇನ್ನೂ ಇತ್ತು. ಮಗ್ಗುಲಾಗಿ ಮಲಗಿದ್ದ ಮಗಳಿಗೆ ಜೋಂಪು ಹತ್ತಿತ್ತು. ಓರೆಯಾಗಿ ಬಡಿದ ಮೊಳೆಯ ಹಾಗೆ ಹಿಂಭಾಗ ಎತ್ತಿ ಕೂತಿದ್ದ ಸೊಳ್ಳೆಯ ಹೊಟ್ಟೆ ನಿಧಾನವಾಗಿ ಕೆಂಪೇರಿತು. ಮೇಷ್ಟ್ರು ಜೇಬಿನಿಂದ ತೆಗೆದ ಗಾಜಿನ ಕೊಳವೆಯನ್ನು ಹತ್ತಿರ ಒಯ್ದು, ಅದರ ರಬ್ಬರ್ ನಳಿಕೆಯನ್ನು ಬಾಯಲ್ಲಿಟ್ಟು ಉಸಿರೆಳೆದರು. ಸೊಳ್ಳೆ ಕೊಳವೆಯೊಳಗೆ ಬಂತು; ನಳಿಕೆಯ ಬಾಯಲ್ಲಿದ್ದ ಬಲೆ ಅದನ್ನು ಅಲ್ಲೇ ತಡೆಯಿತು. ಒಂದು ಕಾಲೂ ಮುರಿದಿರಲಿಲ್ಲ. ಒಂದು ಗಳಿಗೆ ಅವರಿಗೆ ಸಂತೋಷವೇ ಆಯಿತು.

"ಅದು ಕುಡಿಯೋದನ್ನ ನೋಡ್ತಾ ನಿಂತಿದ್ರಾ?" ಬಾಗಿಲಲ್ಲಿ ಹೆಂಡತಿ.

ಆಗ ಮೇಷ್ಟ್ರಿಗೆ ನೆನಪಾಯಿತು. ಹಿಂದಿನ ಬೀದಿಯ ದರ್ಜಿಯ ಹೆಂಡತಿಗೆ ಮಲೇರಿಯಾ ಬಂದು, ಹೊಟ್ಟೆಯಲ್ಲಿದ್ದ ಕೂಸು ಹೋಗಿ ಇನ್ನೂ ವಾರ ಕಳೆದಿರಲಿಲ್ಲ. ಆ ಮನೆಯಲ್ಲಿ ಹಿಡಿದ ಸೊಳ್ಳೆಗಳ ಜಾತಿ ಹೇಳಿದವರೂ ಇವರೇ.

ಮಗಳು ಎದ್ದು ತೋಳು ಕೆರೆದುಕೊಂಡಳು. "ಏನಪ್ಪಾ, ಮನೇಲೂ ಬೇಟೆ ಶುರುವಾಯ್ತಾ?"

ಅವಳ ನಗುವಿಗೆ ಯಾರೂ ಜೊತೆಗೂಡಲಿಲ್ಲ. ಮೇಷ್ಟ್ರು ದೀಪದ ಕೆಳಗೆ ಭೂತಗನ್ನಡಿ ಹಿಡಿದರು. ರೆಕ್ಕೆಯ ಅಂಚಿನುದ್ದಕ್ಕೂ ಕಪ್ಪು ಬಿಳಿ ಚುಕ್ಕೆ. ಅದು ಕೂತ ಭಂಗಿ ಕಂಡಾಗಲೇ ಮಲೇರಿಯಾ ಹರಡುವ ಜಾತಿಯೆಂದು ಗೊತ್ತಿತ್ತು. ಆದರೂ ಮತ್ತೆ ಮತ್ತೆ ನೋಡಿದರು, ನೋಡುತ್ತಿದ್ದರೆ ಚುಕ್ಕೆ ಮಾಸಿಹೋದೀತು ಎಂಬಂತೆ.

"ಅದೇನಾ?" ಹೆಂಡತಿ ಮೆಲ್ಲಗೆ ಕೇಳಿದರು.

"ಅದೇ. ಆದ್ರೆ ಎಲ್ಲದರಲ್ಲೂ ರೋಗ ಇರಲ್ಲ ಕಣೇ. ಮೊದಲು ಜ್ವರದವರನ್ನ ಕಚ್ಚಿರ್ಬೇಕು."

"ಕಚ್ಚಿದ್ರೆ?"

ಮೇಷ್ಟ್ರು ಸೊಳ್ಳೆಯನ್ನು ಕಾಗದದ ಲೋಟಕ್ಕೆ ಬಿಟ್ಟು, ಬಾಯಿಗೆ ಬಲೆ ಕಟ್ಟಿ, ಮೇಲೆ ಒದ್ದೆ ಹತ್ತಿ ಇಟ್ಟರು. ಬೆಳಿಗ್ಗೆಯವರೆಗೆ ಅದು ಬದುಕಿರಬೇಕು. ಒಣಗಿದರೆ ಒಳಗೇನಿದೆಯೆಂದು ತಿಳಿಯುವುದಿಲ್ಲ.

"ನನ್ನ ಮಗಳ ರಕ್ತ ಸಾಲದು ಅಂತ ಅದಕ್ಕೆ ಉಪಚಾರ ಬೇರೆ!" ಎಂದು ಹೆಂಡತಿ ಅಡುಗೆಮನೆಗೆ ಹೋದರು. ಆಮೇಲೆ ಪಾತ್ರೆಗಳ ಸದ್ದು ಮಾತ್ರ.

ಮರುದಿನ ಪ್ರಯೋಗಾಲಯದಲ್ಲಿ ಅವರು ಸೂಕ್ಷ್ಮದರ್ಶಕದ ಮುಂದೆ ಕೂತರು. ಸೊಳ್ಳೆಯ ತಲೆಯನ್ನು ಸೂಜಿಯಿಂದ ಮೆಲ್ಲಗೆ ಎಳೆದರೆ ಜೊಲ್ಲಿನ ಗ್ರಂಥಿ ಜೊತೆಗೇ ಬರುತ್ತದೆ; ರೋಗಾಣು ಇದ್ದರೆ ಅಲ್ಲಿಯೇ ಇರಬೇಕು. ಕಣ್ಣು ಮುಚ್ಚಿಯೂ ಮಾಡಬಲ್ಲ ಕೆಲಸ. ತುಟಿಯ ಮೇಲೆ ದೇವರ ಹೆಸರಿತ್ತು, ಆದರೂ ಬೆರಳು ಮಾತು ಕೇಳಲಿಲ್ಲ. ಸೂಜಿ ಜಾರಿತು. ಹೊಟ್ಟೆ ಒಡೆದು ಗಾಜಿನ ಮೇಲೆಲ್ಲ ಕೆಂಪು ಹರಡಿತು. ಅದು ಮಗಳ ರಕ್ತ.

ಪಕ್ಕದ ಮೇಜಿನ ಸಹೋದ್ಯೋಗಿ ಎದ್ದು ಬಂದು ಬಹಳ ಹೊತ್ತು ನೋಡಿದಳು. "ಗ್ರಂಥಿ ಎಲ್ಲೋ ಕಲಸಿಹೋಗಿದೆ ಸರ್. ಇದೆ ಅಂತ ಹೇಳೋ ಹಾಗಿಲ್ಲ." ತಡೆದು ಹೇಳಿದಳು, "ಇಲ್ಲ ಅಂತಾನೂ ಹೇಳೋ ಹಾಗಿಲ್ಲ."

ಸಂಜೆ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದರು.

"ಗೊತ್ತಾಗ್ಲಿಲ್ಲ," ಎಂದರು ಮೇಷ್ಟ್ರು. "ನನ್ ಕೈ ನಡುಗಿಬಿಡ್ತು. ಇನ್ನು ಕಾಯೋದೇ. ಸ್ವಲ್ಪ ಮೈ ಬೆಚ್ಚಗಾದ್ರೂ ತಕ್ಷಣ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸೋಣ."

ಬೈಗುಳಕ್ಕೆ ಸಿದ್ಧರಾಗಿಯೇ ಬಂದಿದ್ದರು. ಹೆಂಡತಿ ಅವರ ಜೇಬಿನಿಂದ ಗಾಜಿನ ಕೊಳವೆ ತೆಗೆದು, ಕಪಾಟಿನಲ್ಲಿಟ್ಟು, ಕದ ಮುಚ್ಚಿದರು.

ಮಗಳು ಸೊಳ್ಳೆಪರದೆಯೊಳಗೆ ಮಲಗಿದ್ದಳು. ಮೇಷ್ಟ್ರು ಹಣೆ ಮುಟ್ಟಿ ನೋಡಿದರು, ತಮ್ಮ ಹಣೆಯನ್ನೂ ಮುಟ್ಟಿಕೊಂಡರು, ಮತ್ತೆ ಅವಳದನ್ನು. ತಣ್ಣಗಿದೆಯೋ, ತಮ್ಮ ಕೈಯೇ ಬಿಸಿಯೋ ತಿಳಿಯಲಿಲ್ಲ. ಪರದೆ ಸರಿಸಿ ಒಳಗೆ ಕೂತರು.

ಎಲ್ಲೋ ಹತ್ತಿರದಲ್ಲೇ ಸಣ್ಣಗೆ ಗುಂಯ್‌ಗುಟ್ಟಿತು. ಪರದೆಯ ಒಳಗೋ ಹೊರಗೋ? ಅವರು ಈ ಸಲ ಹೊಡೆಯಲೆಂದು ಅಂಗೈ ಅಗಲಿಸಿ ಮಗಳ ತೋಳಿನ ಮೇಲೆ, ಗಾಳಿಯಲ್ಲಿ, ಎತ್ತಿ ಹಿಡಿದರು. ಹೊಟ್ಟೆಯೊಳಗಿನ ಕೂಸು ಒದ್ದಿತೇನೋ, ಹೊದಿಕೆ ಒಮ್ಮೆ ಅಲುಗಿತು. ಕೈ ಹಾಗೆಯೇ ನಿಂತಿತ್ತು.